ದಿನಕ್ಕೆ ಮೂರು ಒಳ್ಳೆಯ ಸಂಗತಿ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ವಿಭಾಗವಿತ್ತು. ಮೇಲಿನ ಐದು ಮಹಡಿಗಳಲ್ಲಿ ರೋಗಿಗಳಿಗೆ ಹಾಸಿದ್ದು, ಹೊದೆಸಿದ್ದು, ತೊಡಿಸಿದ್ದು, ಡಾಕ್ಟರುಗಳು ಕಳಚಿ ಎಸೆದಿದ್ದು ಎಲ್ಲವೂ ಚೀಲಗಳಲ್ಲಿ ತುಂಬಿಕೊಂಡು ಲಿಫ್ಟಿನಲ್ಲಿ ಕೆಳಗಿಳಿಯುತ್ತಿತ್ತು. ಅಲ್ಲಿ ಹನ್ನೊಂದು ಹೆಂಗಸರು. ಚೀಲ ಬಿಚ್ಚಿ ವಿಂಗಡಿಸುವವರು ನಾಲ್ವರು, ಯಂತ್ರ ನೋಡಿಕೊಳ್ಳುವವರು ಮೂವರು, ಒಣಗಿಸಿ ಇಸ್ತ್ರಿ ಮಾಡಿ ಮಡಿಸುವವರು ನಾಲ್ವರು. ವಿಂಗಡಿಸುವ ಮೇಜಿನ ಹಿರಿಯಳನ್ನು ಎಲ್ಲರೂ ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. ಆ ಮೇಜಿನ ಮುಂದೆ ಅವಳು ನಿಂತು ಹದಿನಾಲ್ಕು ವರ್ಷವಾಗಿತ್ತು.

ಹದಿನಾಲ್ಕು ವರ್ಷದಲ್ಲಿ ಆ ಚೀಲಗಳಿಂದ ಅವಳು ಏನೇನು ತೆಗೆದಿದ್ದಳೋ ಲೆಕ್ಕವಿಲ್ಲ. ಕನ್ನಡಕ, ಫೋನು, ಮದುವೆಯ ಉಂಗುರ, ಅರ್ಧ ತಿಂದ ಬ್ರೆಡ್ಡು. ಒಮ್ಮೆ ಒಂದು ಸೆಟ್ ಕಟ್ಟಿಸಿದ ಹಲ್ಲು ಸಿಕ್ಕಿತ್ತು. ಅದನ್ನು ಚೆನ್ನಾಗಿ ತೊಳೆದು ಮೂರನೇ ಮಹಡಿಗೆ ಒಯ್ದು ಕೊಟ್ಟಾಗ ಅಜ್ಜನೊಬ್ಬ ಅಲ್ಲೇ ಬಾಯಿಗೆ ಹಾಕಿಕೊಂಡು, "ಇದು ನಂದಲ್ಲ, ಆದ್ರೂ ಪರವಾಗಿಲ್ಲ" ಅಂದಿದ್ದನಂತೆ. ಈ ಕಥೆಯನ್ನು ಅವಳು ಎಷ್ಟು ಸಲ ಹೇಳಿದರೂ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ರಕ್ತ, ಕೀವು, ವಾಂತಿ, ಮಲ, ಮೂತ್ರ ಯಾವುದೂ ಅವಳಿಗೆ ಅಸಹ್ಯವಾಗುತ್ತಿರಲಿಲ್ಲ. ಅಂಥ ಹೇಸಿಗೆ ಮೊದಲ ತಿಂಗಳಲ್ಲೇ ಬಿಟ್ಟುಹೋಗಿತ್ತು. ಮನೆಯಲ್ಲಿ ಅತ್ತೆ ಮಾತ್ರ ಸೊಸೆ ಮೆಟ್ಟಿಲು ಹತ್ತುವಾಗಲೇ ಮೂಗು ಮುಚ್ಚಿಕೊಂಡು, "ಮೊದ್ಲು ಸ್ನಾನ, ಆಮೇಲೆ ಮಾತು" ಅನ್ನುತ್ತಿದ್ದರು. ಗಂಡ ಲಿಫ್ಟ್ ರಿಪೇರಿ ಮಾಡುವವನು, ಮೈಯೆಲ್ಲ ಗ್ರೀಸು. ಆದರೆ ತಮ್ಮ ಮಗನಿಗೆ ಅತ್ತೆಯ ಈ ಮಾತು ಅನ್ವಯಿಸುತ್ತಿರಲಿಲ್ಲ.

ಸೂಜಿಯ ಭಯ ಮಾತ್ರ ಎಲ್ಲರಿಗೂ ಇತ್ತು. ಇಂಜೆಕ್ಷನ್ ಕೊಟ್ಟ ಸೂಜಿಯನ್ನು ಡಬ್ಬಿಗೆ ಹಾಕಬೇಕು. ಮೇಲೆ ಅವಸರದಲ್ಲಿದ್ದವರು ಹಾಸಿಗೆಯ ಮೇಲೇ ಬಿಟ್ಟುಬಿಡುತ್ತಿದ್ದರು. ಹಾಸುಬಟ್ಟೆ ಸುತ್ತಿ ಚೀಲಕ್ಕೆ ತುರುಕಿದರೆ ಸೂಜಿಯೂ ಅದರೊಳಗೇ ಕೆಳಗಿಳಿಯುತ್ತಿತ್ತು. ದಪ್ಪ ಗ್ಲೌಸ್ ಬೇಕೆಂದು ದೊಡ್ಡಕ್ಕ ಅರ್ಜಿ ಕೊಟ್ಟು ವರ್ಷವಾಗಿತ್ತು. ಸಿಗುತ್ತಿದ್ದದ್ದು ಪಾತ್ರೆ ತೊಳೆಯುವವರು ಹಾಕಿಕೊಳ್ಳುವಂಥ ತೆಳು ರಬ್ಬರಿನದು. ಕೆಟ್ಟ ಗಾಳಿ ಹೊರಗೆಳೆಯುವ ಫ್ಯಾನು ನಿಂತು ಏಳು ತಿಂಗಳಾಗಿತ್ತು.

ಹೀಗಿರುವಾಗ ಆಸ್ಪತ್ರೆಗೆ ಹೊಸ ಆಡಳಿತಾಧಿಕಾರಿ ಬಂದ. ಅವನ ಬೆನ್ನಿಗೇ ಒಬ್ಬ ತರಬೇತುದಾರ ಬಂದ. ಮೂವತ್ತರ ಆಸುಪಾಸಿನವನು, ಹೊಳೆಯುವ ಬೂಟು, ಮೂರು ಮಾರು ದೂರದಿಂದಲೇ ಮೂಗಿಗೆ ಅಡರುವ ಸೆಂಟು. ಎರಡು ಮಾತಿಗೊಮ್ಮೆ ಖುಷಿ ಖುಷಿ ಅನ್ನುತ್ತಿದ್ದುದರಿಂದ ಹೆಂಗಸರು ಮೊದಲ ದಿನವೇ ಅವನಿಗೆ ಖುಷಿ ಸಾರ್ ಎಂದು ಹೆಸರಿಟ್ಟರು.

ಎರಡನೇ ಮಹಡಿಯ ಊಟದ ಕೋಣೆಯಲ್ಲಿ ಕುರ್ಚಿಗಳನ್ನು ಗುಂಡಗೆ ಜೋಡಿಸಿ ಅವರನ್ನು ಕೂರಿಸಿದ. "ನಮ್ಮ ಮನಸ್ಸು ಕೆಟ್ಟದ್ದನ್ನ ಬೇಗ ಹಿಡ್ಕೊಳ್ಳುತ್ತೆ, ಒಳ್ಳೇದನ್ನ ಜಾರಿಸಿಬಿಡುತ್ತೆ. ಇದು ನಾನು ಹೇಳ್ತಿರೋದಲ್ಲ, ವಿಜ್ಞಾನ ಹೇಳ್ತಿರೋದು. ಅದಕ್ಕೇ ದಿನಾ ಕೆಲಸ ಮುಗಿದ ಮೇಲೆ, ಇವತ್ತು ಆದ ಮೂರು ಒಳ್ಳೇ ಸಂಗತಿ ಬರೀಬೇಕು. ಹೀಗೆ ಮಾಡಿದವರಿಗೆ ಕೆಲಸ ಹಗುರ ಆಗಿದೆ, ನಿದ್ದೆ ಚೆನ್ನಾಗಿ ಬಂದಿದೆ" ಅಂದ.

ದೊಡ್ಡಕ್ಕ ಕೈ ಎತ್ತಿದಳು. "ಸಾರ್, ಫ್ಯಾನು ಕೆಟ್ಟು ಏಳು ತಿಂಗಳಾಯ್ತು. ದಪ್ಪ ಗ್ಲೌಸ್ ಕೇಳಿ ಒಂದು ವರ್ಷ."

ಖುಷಿ ಸಾರ್ ಮುಗುಳ್ನಕ್ಕ. "ನೋಡಿ, ಈಗ ನೀವೇನ್ ಮಾಡಿದ್ರಿ? ಇಲ್ಲದೇ ಇರೋದನ್ನ ನೋಡಿದ್ರಿ. ಇರೋದನ್ನ ನೋಡಿ ಅಂತ ನಾನು ಹೇಳ್ತಿರೋದು."

"ಇರೋದು ಅಂದ್ರೆ ವಾಸನೆ, ಅಕ್ಕ" ಎಂದು ಪಕ್ಕದಲ್ಲಿದ್ದವಳು ಪಿಸುಗುಟ್ಟಿದಳು. ಅವಳು ಗುಬ್ಬಿ. ಅಂಗೈಯಷ್ಟು ಮುಖ, ನಾಲ್ಕೂವರೆ ಅಡಿ ಎತ್ತರ, ಮೇಜಿನ ಹತ್ತಿರ ಮಣೆ ಹಾಕಿಕೊಂಡು ನಿಲ್ಲಬೇಕು. ಆದರೆ ಬಾಯಿ ಮಾತ್ರ ಆಳೆತ್ತರದ್ದು. ಸಾಲಿನವರೆಲ್ಲ ಕಿಸಕ್ಕನೆ ನಕ್ಕರು. ಆ ನಗುವಿನ ಕಾರಣ ಕೇಳದೆ ಖುಷಿ ಸಾರ್ ಹಿಗ್ಗಿಹೋದ. "ನೋಡಿದ್ರಾ, ಖುಷಿ ಇಲ್ಲೇ ಇದೆ" ಅಂದ.

ಆಮೇಲೆ ಎಲ್ಲರಿಗೂ ಪ್ರಶ್ನೆ ಕೇಳಿ, ಅವರವರಲ್ಲಿ ಅಡಗಿರುವ ಶಕ್ತಿ ಯಾವುದು ಎಂದು ಒಂದೊಂದು ಕಾರ್ಡು ಕೊಟ್ಟ. ಗುಬ್ಬಿಗೆ ಧೈರ್ಯ. ದೊಡ್ಡಕ್ಕನಿಗೆ ಪ್ರಾಮಾಣಿಕತೆ. ಇಸ್ತ್ರಿ ರೋಲರಿನವಳಿಗೆ ಸೌಂದರ್ಯಪ್ರಜ್ಞೆ ಬಂತು. ಒಂದು ವಾರ ಅವಳನ್ನು ಯಾರೂ ನೆಟ್ಟಗೆ ಮಾತಾಡಿಸಲಿಲ್ಲ, ಎದುರಿಗೆ ಬಂದವರೆಲ್ಲ ತಲೆಗೂದಲು ಸರಿಮಾಡಿಕೊಂಡು "ಹೇಗಿದೀನಿ?" ಎಂದು ಕೇಳುವವರೇ.

ಹನ್ನೊಂದು ಪುಸ್ತಕಗಳು ಕೆಳಗೆ ಬಂದವು. ರಟ್ಟಿನ ಮೇಲೆ ಹಲ್ಲು ಕಿರಿದ ಸೂರ್ಯ. ಅವರಲ್ಲಿ ಏಳು ಮಂದಿಗೆ ಬರೆಯಲು ಬಾರದು, ಮೂವರಿಗೆ ಬಂದರೂ ಬೇಡ. ಹತ್ತನೇ ತರಗತಿ ಮುಗಿಸಿದ್ದ ದೊಡ್ಡಕ್ಕನ ತಲೆಗೇ ಎಲ್ಲವೂ ಬಂತು. ಮೊದಲ ವಾರ ಅವಳು ನ್ಯಾಯವಾಗಿಯೇ ನಡೆದುಕೊಂಡಳು. ಕೆಲಸ ಮುಗಿದ ಮೇಲೆ ಒಬ್ಬೊಬ್ಬರನ್ನೇ ಕೇಳಿದಳು. ಒಬ್ಬಳು ಮಗನ ಜ್ವರ ಇಳಿಯಿತೆಂದಳು. ಇನ್ನೊಬ್ಬಳು ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತೆಂದಳು. ಮತ್ತೊಬ್ಬಳು, ಮೂರು ವರ್ಷದಿಂದ ಮಾತು ಬಿಟ್ಟಿದ್ದ ನಾದಿನಿ ಫೋನ್ ಮಾಡಿದಳೆಂದು ಹೇಳಿ ಕಣ್ಣು ಒರೆಸಿಕೊಂಡಳು. ಅಷ್ಟು ವರ್ಷ ಒಂದೇ ಕಡೆ ದುಡಿದಿದ್ದರೂ ಆ ನಾದಿನಿಯ ಸಂಗತಿ ಯಾರಿಗೂ ಗೊತ್ತಿರಲಿಲ್ಲ. ಇದರಲ್ಲೂ ಏನೋ ಇದೆ ಎಂದು ದೊಡ್ಡಕ್ಕನಿಗೆ ಅನ್ನಿಸಿದ್ದು ಸುಳ್ಳಲ್ಲ.

ಶನಿವಾರ ಪುಸ್ತಕಗಳು ಮೇಲೆ ಹೋದವು, ಸೋಮವಾರ ಕೆಂಪು ಶಾಯಿ ಹಚ್ಚಿಸಿಕೊಂಡು ವಾಪಸು ಬಂದವು. "ಬಸ್ಸು, ಮನೆ, ನೆಂಟರ ವಿಷಯ ಬೇಡ. ಕೆಲಸಕ್ಕೆ ಸಂಬಂಧಿಸಿದ ಖುಷಿ ಬರೆಯಿರಿ."

"ಕೆಲಸದ್ದು ಹೇಳ್ರಮ್ಮ" ಎಂದು ದೊಡ್ಡಕ್ಕ ಕೇಳಿದಳು. ಗುಬ್ಬಿ, "ಇವತ್ತು ಚೀಲದಲ್ಲಿ ಬೆಕ್ಕು ಇರ್ಲಿಲ್ಲ ಅಂತ ಬರೀರಿ" ಅಂದಳು. ಎಲ್ಲರೂ ಎದ್ದು ಬಸ್ಸಿಗೆ ಓಡಿದರು.

ಅಂದಿನಿಂದ ದೊಡ್ಡಕ್ಕ ತಾನೇ ಕಟ್ಟಿ ಬರೆಯತೊಡಗಿದಳು. ಮನೆಗೆ ಹೋಗುವ ಅವಸರ, ಬರೆಯದೆ ಇದ್ದರೆ ಮೇಲಿನಿಂದ ಕರೆ. ದಿನಕ್ಕೆ ಮೂವತ್ತಮೂರು ಒಳ್ಳೆಯ ಸಂಗತಿ ಬೇಕು. ನರ್ಸಮ್ಮ ಹೆಸರು ಹಿಡಿದು ಕರೆದರು. ಯಂತ್ರ ಸದ್ದು ಮಾಡದೆ ತಿರುಗಿತು. ಸೋಪಿನ ಪುಡಿಯ ಪರಿಮಳ ಮನಸ್ಸಿಗೆ ಹಿತವಾಯಿತು. ಬರೆಯುತ್ತಾ ಬರೆಯುತ್ತಾ ಕೈ ಪಳಗಿತು. ಯಾರ ಬಾಯಲ್ಲಿ ಯಾವ ಮಾತು ಚೆಂದ ಎಂದು ಯೋಚಿಸಿ, ಒಬ್ಬೊಬ್ಬರಿಗೆ ಒಂದೊಂದು ಧಾಟಿ ಕೊಟ್ಟಳು. ಒಂದು ದಿನ ಮಾತ್ರ ತನ್ನ ಪುಸ್ತಕದಲ್ಲಿ, ಯಾಕೋ ಏನೋ, ನಿಜವನ್ನೇ ಬರೆದಳು: ಮಡಿಸುವವರಿಗೆ ಕೈ ಸಾಲದಾಗ ನಾನು ಹೋಗಿ ನಿಲ್ಲುತ್ತೇನೆ. ಒಣಗಿಸುವ ಯಂತ್ರದಿಂದ ಬಿಸಿಬಿಸಿಯಾಗಿ ಬರುವ ಹಾಸುಬಟ್ಟೆಯನ್ನು ಎರಡು ಕೈಯಲ್ಲಿ ಎತ್ತಿಕೊಂಡಾಗ ಎಳೆಗೂಸನ್ನು ಎತ್ತಿಕೊಂಡ ಹಾಗಿರುತ್ತದೆ.

ಎರಡು ವಾರದಲ್ಲಿ ಆ ಸಾಲು ಲಿಫ್ಟಿನ ಪಕ್ಕದ ಗೋಡೆಯ ಮೇಲೆ ಬಂತು. ಆಳುದ್ದದ ಪೋಸ್ಟರು. ಕೆಳಗೆ, ನಮ್ಮ ಬಟ್ಟೆ ವಿಭಾಗದ ಸಹೋದರಿ ಎಂದು ಅಚ್ಚು. ಹದಿನಾಲ್ಕು ವರ್ಷ ಅವಳ ಮುಖ ನೋಡದೆ ದಾಟಿಹೋಗುತ್ತಿದ್ದ ಡಾಕ್ಟರೊಬ್ಬ, ಬರೆದವಳು ಇವಳೇ ಎಂದು ನರ್ಸಿನಿಂದ ಕೇಳಿ, ನಿಂತು "ಓ, ನೀವೇನಾ ಅದು" ಎಂದು ನಕ್ಕ. ದೊಡ್ಡಕ್ಕನೂ ನಕ್ಕಳು. ನಕ್ಕ ಮೇಲೆ ಬಾಯೊಳಗೆ ಏನೋ ಕೊಳೆತದ್ದನ್ನು ಕಚ್ಚಿದ ಹಾಗಾಯಿತು. ನಿಜವಾಗಿ ಅನ್ನಿಸಿದ ಒಂದೇ ಒಂದು ಮಾತನ್ನು ತನ್ನ ಕೈಯಾರೆ ಬೀದಿಗೆ ಹಾಕಿದೆನಲ್ಲ ಅನ್ನಿಸಿತು.

ಅದಾದ ಮೇಲೂ ಬರೆಯುವುದನ್ನು ನಿಲ್ಲಿಸಲಿಲ್ಲ. ಒಂದು ಸಂಜೆ ಹತ್ತು ಪುಸ್ತಕ ಮುಗಿದು ಗುಬ್ಬಿಯದು ಉಳಿದಿತ್ತು. ತಲೆ ಖಾಲಿ, ಬಸ್ಸಿಗೆ ಐದೇ ನಿಮಿಷ. ಮೇಜಿನ ಮೇಲೆ ಒಗೆದು ಒಣಹಾಕಿದ್ದ ಗ್ಲೌಸ್ ಕಣ್ಣಿಗೆ ಬಿತ್ತು. "ನಮಗೆ ಕೊಟ್ಟಿರುವ ಗ್ಲೌಸ್ ಬಹಳ ಚೆನ್ನಾಗಿವೆ. ಇವನ್ನು ಹಾಕಿಕೊಂಡರೆ ಕೈಗೆ ಏನಾದರೂ ಚುಚ್ಚೀತೆಂಬ ಭಯವಿಲ್ಲ" ಎಂದು ಗೀಚಿ, ಪುಸ್ತಕ ಮುಚ್ಚಿ ಓಡಿದಳು.

ಹದಿನೈದು ದಿನ ಕಳೆದಿತ್ತು. ಬೆಳಗಿನ ಹತ್ತು ಗಂಟೆಯ ಹೊತ್ತು. ಗುಬ್ಬಿ ಮಣೆಯ ಮೇಲೆ ನಿಂತು ಒಂದು ಕೆಂಪು ಚೀಲ ಬಿಚ್ಚಿ, ಸುತ್ತಿದ್ದ ಹಾಸುಬಟ್ಟೆಯನ್ನು ಜಗ್ಗಿದಳು. ಜಗ್ಗಿದವಳು ಹಾಗೇ ನಿಂತಳು. ಕೂಗಲಿಲ್ಲ, ಏನೂ ಇಲ್ಲ. "ಅಕ್ಕ" ಅಂದಳು, ಅಷ್ಟೇ. ಬಲಗೈಯ ಹೆಬ್ಬೆರಳ ಬುಡದಲ್ಲಿ ಸೂಜಿ ಅರ್ಧ ಇಳಿದು ನಿಂತಿತ್ತು. ಸೂಜಿಯ ಹಿಂದಿನ ಸಣ್ಣ ಕೊಳವೆಯಲ್ಲಿ ಯಾರದೋ ರಕ್ತವಿತ್ತು.

ದೊಡ್ಡಕ್ಕ ಸೂಜಿ ಕಿತ್ತು, ಗ್ಲೌಸ್ ಹರಿದೆಸೆದು, ಅವಳ ಕೈಯನ್ನು ನಲ್ಲಿಯ ಕೆಳಗೆ ಹಿಡಿದಳು. ಆ ಸೂಜಿ ಯಾವ ರೋಗಿಯದೆಂದು ಹುಡುಕುವುದು ಸಾಧ್ಯವೇ ಇರಲಿಲ್ಲ. ಆ ವಾರ್ಡಿನಲ್ಲಿ ನಲವತ್ತು ಹಾಸಿಗೆ. ಡಾಕ್ಟರು ಸೋಂಕು ತಗಲದಿರಲೆಂದು ಇಪ್ಪತ್ತೆಂಟು ದಿನದ ಮಾತ್ರೆ ಬರೆದರು. ಆರು ವಾರಕ್ಕೆ, ಮೂರು ತಿಂಗಳಿಗೆ, ಆರು ತಿಂಗಳಿಗೆ ಒಂದೊಂದು ರಕ್ತ ಪರೀಕ್ಷೆ ಆಗಬೇಕು, ಅಲ್ಲಿಯವರೆಗೆ ಏನೂ ಹೇಳಲಾಗದು ಅಂದರು. ಗಂಡನ ಹತ್ತಿರ ಮಲಗುವುದು ಬೇಡ ಎಂದು ನರ್ಸ್ ತಗ್ಗಿದ ದನಿಯಲ್ಲಿ ಹೇಳಿದಾಗ ಗುಬ್ಬಿ, "ಹಾಗಾದ್ರೆ ಅವನಿಗೂ ಒಂದು ಪುಸ್ತಕ ಕೊಡಿ, ಖುಷಿ ಬರ್ಕೊಳ್ಳಿ" ಅಂದಳು. ಯಾರಿಗೂ ನಗು ಬರಲಿಲ್ಲ.

ಮಾತ್ರೆಗೆ ಗುಬ್ಬಿಯ ಹೊಟ್ಟೆ ಒಗ್ಗಲಿಲ್ಲ. ಉಂಡದ್ದು ನಿಲ್ಲುತ್ತಿರಲಿಲ್ಲ. ಕೆಲಸದಲ್ಲಿ ಆದ ಅಪಘಾತವಾದ್ದರಿಂದ ರಜೆ ಸಿಗಬೇಕೆಂದು ದೊಡ್ಡಕ್ಕ ಅರ್ಜಿ ಬರೆದುಕೊಟ್ಟಳು. ಮೂರನೇ ದಿನ ಇಬ್ಬರನ್ನೂ ಅಧಿಕಾರಿ ಕರೆಸಿದ. ಕೋಣೆಯಲ್ಲಿ ಖುಷಿ ಸಾರ್ ಕೂಡ ಇದ್ದ. ಮೇಜಿನ ಮೇಲೆ ಗುಬ್ಬಿಯ ಪುಸ್ತಕ.

"ಗ್ಲೌಸ್ ಸರಿ ಇಲ್ಲ, ಅದಕ್ಕೇ ಹೀಗಾಯ್ತು ಅಂತ ಅರ್ಜೀಲಿದೆ" ಎಂದು ಅಧಿಕಾರಿ ಶುರುಮಾಡಿದ. "ಆದ್ರೆ ಅದಕ್ಕೆ ಹದಿನೈದು ದಿನ ಮುಂಚೆ ನೀವೇ ಬೇರೆ ಹೇಳಿದೀರಿ." ಪುಸ್ತಕ ತೆರೆದು ಓದಿದ. ಗ್ಲೌಸ್ ಬಹಳ ಚೆನ್ನಾಗಿವೆ. ಚುಚ್ಚೀತೆಂಬ ಭಯವಿಲ್ಲ. ಓದುವಾಗ ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ತಪ್ಪು ಹಿಡಿದ ಮೇಷ್ಟರ ಸಮಾಧಾನವಿತ್ತು. "ಗ್ಲೌಸ್ ಚೆನ್ನಾಗಿದ್ದೂ ಚುಚ್ಚಿದೆ ಅಂದ್ರೆ ನಿಮ್ಮ ಅಜಾಗರೂಕತೆ. ರಜೆ ಕೊಡೋಕಾಗಲ್ಲ. ಮಾತ್ರೆ ಬೇಕಾದ್ರೆ ತಗೊಳ್ಳಿ, ಅದಕ್ಕೆ ಅಡ್ಡಿ ಇಲ್ಲ."

ಗುಬ್ಬಿ ಪುಸ್ತಕವನ್ನು ನೋಡಿದಳು. ಅದರಲ್ಲಿ ಏನಿದೆಯೆಂದು ಅವಳಿಗೆ ಓದಲು ಬಾರದು. ಆಮೇಲೆ ತಿರುಗಿ ದೊಡ್ಡಕ್ಕನ ಮುಖ ನೋಡಿದಳು.

ದೊಡ್ಡಕ್ಕ ನೆಲ ನೋಡಿದಳು. ನಾನೇ ಬರೆದೆ ಎಂಬ ಎರಡು ಮಾತು ನಾಲಿಗೆಯ ತುದಿಗೆ ಬಂದು ಅಲ್ಲೇ ಅಂಟಿಕೊಂಡಿತು. ಹನ್ನೊಂದು ಪುಸ್ತಕದ ಕಳ್ಳಬರಹ, ಕೆಲಸ ಹೋದರೆ ಎಂಬ ಭಯ, ಎದುರಿನ ಸೆಂಟಿನ ವಾಸನೆ ಎಲ್ಲ ಸೇರಿ ಅದನ್ನು ಹಿಂದಕ್ಕೆ ನೂಕಿದವು. ಖುಷಿ ಸಾರ್ ಬಗ್ಗಿ ಗುಬ್ಬಿಗೆ ಮೆಲ್ಲಗೆ ಹೇಳುತ್ತಿದ್ದ: "ನೋಡಿ, ಇದರಲ್ಲೂ ಒಂದು ಒಳ್ಳೇದಿದೆ. ನಿಮ್ಮ ಶಕ್ತಿ ಧೈರ್ಯ ಅಲ್ವಾ, ಅದನ್ನ ಉಪಯೋಗಿಸೋ ಕಾಲ ಬಂದಿದೆ."

ಅಂದು ಮನೆಗೆ ಹೋದ ದೊಡ್ಡಕ್ಕ ಎರಡು ಸಲ ಸ್ನಾನ ಮಾಡಿದಳು. ತಟ್ಟೆಯ ಮುಂದೆ ಕೂತವಳು ಮೊದಲ ತುತ್ತನ್ನೇ ವಾಪಸು ಇಟ್ಟಳು. ಹದಿನಾಲ್ಕು ವರ್ಷದಲ್ಲಿ ಯಾವ ಚೀಲವೂ ತರಿಸದ ವಾಕರಿಕೆ ಅದು. ಗಂಡ, "ಮೈ ಸರಿ ಇಲ್ವಾ?" ಎಂದು ಕೇಳಿದ. ನಡೆದದ್ದನ್ನೆಲ್ಲ ಹೇಳಿದಳು. ಅವನು ಅನ್ನ ಕಲಸುತ್ತಾ, "ಎಲ್ರೂ ಹಂಗೇ ಬರೀತಾರೆ ಬಿಡು. ನಮ್ಮಲ್ಲೂ ಲಿಫ್ಟ್ ನೋಡ್ದೇನೇ ನೋಡಿದೀವಿ ಅಂತ ಸೈನ್ ಹಾಕ್ತಾರೆ" ಅಂದ. ಸಮಾಧಾನಕ್ಕೆಂದೇ ಹೇಳಿದ್ದು. ಅವಳು ಎದ್ದು ಬಚ್ಚಲಿಗೆ ಹೋಗಿ ಕಾರಿಕೊಂಡಳು. ಅತ್ತೆ ಬಾಗಿಲಲ್ಲಿ ನಿಂತು ನೀರು ಹಿಡಿದರು. "ಯಾರದೋ ಹೇಲು ಎತ್ತಿ ಬಂದು ಗಡದ್ದಾಗಿ ಉಣ್ತಿದ್ದೆ, ಇವತ್ತೇನಾಯ್ತೇ?" ಅಂದರು.

"ಇವತ್ತು ನಂದೇ ಅತ್ತೆ" ಅಂದಳು ದೊಡ್ಡಕ್ಕ.

ಮರುದಿನ ಬೆಳಗ್ಗೆ ಯಂತ್ರಗಳು ಶುರುವಾಗುವ ಮೊದಲೇ ಗುಬ್ಬಿಯನ್ನು ಪಕ್ಕಕ್ಕೆ ಕರೆದು ಹೇಳಿಬಿಟ್ಟಳು. "ಆ ಗ್ಲೌಸಿನ ಮಾತು ನಾನು ಬರ್ದಿದ್ದು. ಬಸ್ಸಿಗೆ ಹೊತ್ತಾಗಿತ್ತು."

ಗುಬ್ಬಿ ಏಪ್ರನ್ ಕಟ್ಟಿಕೊಂಡಳು. ಮುಖ ಬಿಳಿಚಿಕೊಂಡಿತ್ತು. "ನೀವು ಏನೋ ಒಂದು ಕಟ್ಟಿ ಬರೀತೀರಿ ಅಂತ ಗೊತ್ತಿತ್ತು ಅಕ್ಕ. ನಾವೆಲ್ಲ ಅದಕ್ಕೇ ಬಿಟ್ಟು ಓಡ್ತಿದ್ವಿ. ಆದ್ರೆ ಬರೆಯೋಕೆ ಬೇರೆ ಏನೂ ಸಿಗ್ಲಿಲ್ವಾ? ಗ್ಲೌಸೇ ಆಗ್ಬೇಕಿತ್ತಾ?"

ಗುಬ್ಬಿ ಬೈದಿದ್ದರೆ, ಕೂಗಾಡಿದ್ದರೆ ದೊಡ್ಡಕ್ಕನಿಗೆ ಎಷ್ಟೋ ಹಗುರಾಗುತ್ತಿತ್ತು. ಗುಬ್ಬಿ ಮಣೆ ಎಳೆದುಕೊಂಡು ಮೇಜಿನ ಆ ತುದಿಗೆ ಹೋಗಿ ನಿಂತಳು.

ದೊಡ್ಡಕ್ಕ ನೇರ ಮೇಲೆ ಹೋದಳು. ಅಧಿಕಾರಿ ಮತ್ತು ಖುಷಿ ಸಾರ್ ಇಬ್ಬರೂ ಟೀ ಕುಡಿಯುತ್ತಿದ್ದರು. ಅವಳು ನಿಂತುಕೊಂಡೇ ಹೇಳಿದಳು. "ಸಾರ್, ಆ ಪುಸ್ತಕ ಅವಳು ಬರ್ದಿದ್ದಲ್ಲ. ನಾನು ಬರ್ದಿದ್ದು. ಸುಳ್ಳು ಬರ್ದಿದ್ದು. ಅವಳ ರಜೆ ಕೊಡಿ, ನನಗೇನು ಮಾಡ್ತೀರೋ ಮಾಡಿ."

"ಅವರಿಗೆ ಬರೆಯೋಕೆ ಬರಲ್ಲ, ನೀವು ಬರ್ಕೊಟ್ರಿ. ತಪ್ಪೇನು? ಕೈ ನಿಮ್ಮದು, ಮಾತು ಅವರದ್ದು" ಎಂದ ಅಧಿಕಾರಿ.

"ಮಾತೂ ನಂದೇ ಸಾರ್. ಹನ್ನೊಂದು ಪುಸ್ತಕದ್ದೂ."

ಅಧಿಕಾರಿ ಕಪ್ಪು ಕೆಳಗಿಟ್ಟ. ಎದ್ದು ಹೋಗಿ ಬಾಗಿಲು ಹಾಕಿ ಬಂದ. "ನೋಡಿಯಮ್ಮ. ಬಟ್ಟೆ ವಿಭಾಗದಲ್ಲಿ ಸಂತೋಷದ ಮಟ್ಟ ಅರ್ಧಕ್ಕರ್ಧ ಏರಿದೆ ಅಂತ ವರದಿ ಹೋಗಿ ಆಗಿದೆ. ಬೇರೆ ಆಸ್ಪತ್ರೆಯವರು ನೋಡೋಕೆ ಬರ್ತಿದಾರೆ. ಈಗ ನೀವು ಬಂದು ಹೀಗಂದ್ರೆ ಹೇಗೆ? ನೀವು ಸುಳ್ಳು ಬರ್ದಿಲ್ಲ. ಅವರು ಹೇಳಿದ್ದನ್ನ ಬರ್ದಿದೀರಿ. ಈಗ ಗೆಳತೀನ ಉಳಿಸೋಕೆ ಸುಳ್ಳು ಹೇಳ್ತಿದೀರಿ. ಒಳ್ಳೇ ಮನಸ್ಸು ನಿಮ್ಮದು. ಹೋಗಿ ಕೆಲಸ ನೋಡಿ."

ಸುಳ್ಳನ್ನು ಒಪ್ಪಿದ್ದವನು ನಿಜವನ್ನು ಒಪ್ಪಲೊಲ್ಲ. ಅಷ್ಟು ಹೊತ್ತೂ ಕಪ್ಪಿನೊಳಗೆ ನೋಡುತ್ತಿದ್ದ ಖುಷಿ ಸಾರ್ ತಲೆ ಎತ್ತಿದ. ಅವನ ಮುಖ ಪೆಚ್ಚಾಗಿತ್ತು. ಅವನು ಪ್ರತಿಯೊಂದು ಸಾಲನ್ನೂ ನಿಜವೆಂದೇ ನಂಬಿದ್ದನೆಂದು ದೊಡ್ಡಕ್ಕನಿಗೆ ಆಗ ಹೊಳೆಯಿತು.

"ಹನ್ನೊಂದೂನಾ?" ಎಂದು ಕೇಳಿದ.

"ಹನ್ನೊಂದೂ."

"ಬಿಸಿ ಹಾಸುಬಟ್ಟೇದು? ಎಳೆಗೂಸು ಅಂತ ಇತ್ತಲ್ಲ?"

"ಅದೊಂದು ನಿಜ" ಅಂದಳು.

ಅವನ ಮುಖದಲ್ಲಿ ಜೀವ ಬಂತು. ಉಸಿರು ಬಿಟ್ಟು, "ಸದ್ಯ" ಅಂದ. ಕೆಳಗೆ ಒಬ್ಬಳು ಇಪ್ಪತ್ತೆಂಟು ದಿನ ಕಾರಿಕೊಳ್ಳುವುದಿತ್ತು, ಆರು ತಿಂಗಳು ಸಾಯುವ ಭಯದಲ್ಲಿ ಬದುಕುವುದಿತ್ತು. ಇವನಿಗೆ ತನ್ನ ಪೋಸ್ಟರು ಉಳಿಯಿತೆಂಬ ನಿರಾಳ. ದೊಡ್ಡಕ್ಕನಿಗೆ ಅವನ ಮೇಲೆ ಸಿಟ್ಟು ಕೂಡ ಬರಲಿಲ್ಲ. ಬೆಚ್ಚಗಿನ ಏನೋ ಒಂದು ಅಂಗೈಗೆ ಅಂಟಿದ ಹಾಗೆ ಹೇಸಿಗೆಯಾಯಿತು. ಲಿಫ್ಟಿಗೆ ಕಾಯದೆ ಮೆಟ್ಟಿಲಿಳಿದು ಬಂದಳು.

ಕೆಳಗೆ ಬಂದರೆ ಗುಬ್ಬಿ ತೊಟ್ಟಿಯ ಹತ್ತಿರ ಬಗ್ಗಿ ನಿಂತು ವಾಂತಿ ಮಾಡುತ್ತಿದ್ದಳು. ಬಾಯಿ ತೊಳೆದುಕೊಂಡು ಮತ್ತೆ ಮಣೆ ಹತ್ತಿ ಮುಂದಿನ ಚೀಲಕ್ಕೆ ಕೈ ಹಾಕಿದಳು. ದೊಡ್ಡಕ್ಕ ಅವಳ ಕೈ ಸರಿಸಿ ತಾನೇ ಚೀಲದ ಬಾಯಿ ಬಿಚ್ಚಿ ನೋಡಿದಳು. ಮೇಲಿನ ಬಟ್ಟೆಯ ಮಡಿಕೆಯಲ್ಲೇ ಒಂದು ಸೂಜಿ ಹೊಳೆಯುತ್ತಿತ್ತು.

ಅವಳು ಅದನ್ನು ತೆಗೆಯಲಿಲ್ಲ. ಚೀಲದ ಬಾಯಿಯನ್ನು ಹಾಗೇ ಬಿಗಿದು ಕಟ್ಟಿದಳು. ರಟ್ಟಿನ ಚೀಟಿಯ ಮೇಲೆ "ಸೂಜಿ ಇದೆ. ಬಿಚ್ಚುವುದಿಲ್ಲ" ಎಂದು ಬರೆದು, ವಾರ್ಡಿನ ನಂಬರು ಹಾಕಿ, ಲಿಫ್ಟಿನೊಳಗೆ ನೂಕಿ ಮೇಲಕ್ಕೆ ಕಳಿಸಿದಳು.

"ಅಕ್ಕ, ಏನ್ ಮಾಡ್ತಿದೀರಿ?" ಎಂದು ರೋಲರಿನವಳು ಗಾಬರಿಯಿಂದ ಕೇಳಿದಳು.

"ಯಾರದೋ ಅವರಿಗೆ" ಅಂದಳು ದೊಡ್ಡಕ್ಕ. "ಇನ್ಮೇಲೆ ಮೊದ್ಲು ಮೇಲಿಂದ ಇಕ್ಕಳ ಹಾಕಿ ನೋಡಿ. ಒಂದು ಸೂಜಿ ಕಂಡ್ರೂ ಆ ಚೀಲ ಒಗೆಯೋದಿಲ್ಲ. ಕೇಳಿದ್ರೆ ನನ್ನ ಹೆಸರು ಹೇಳಿ."

ಮೊದಲ ದಿನ ಆರು ಚೀಲ ಮೇಲೆ ಹೋದವು. ಎರಡನೇ ದಿನ ಒಂಬತ್ತು. ಮೇಲಿನವರು ಅವನ್ನು ಮತ್ತೆ ಕೆಳಗೆ ಕಳಿಸಿದರು, ಇವರು ಮತ್ತೆ ಮೇಲೆ ಕಳಿಸಿದರು. ಫೋನಿನ ಮೇಲೆ ಫೋನು. ಮೇಲ್ವಿಚಾರಕ ಬಂದು ಕೈ ಮುಗಿದ, ಬೆದರಿಸಿದ, ಮತ್ತೆ ಕೈ ಮುಗಿದ. ಹನ್ನೊಂದು ಹೆಂಗಸರೂ ಕಿವುಡಿಯರಾದರು. ಮೂರನೇ ಬೆಳಗ್ಗೆ ನಾಲ್ಕನೇ ಮಹಡಿಯಲ್ಲಿ ಹಾಸಲು ಬಟ್ಟೆ ಇಲ್ಲದೆ, ಆಪರೇಷನ್ ಆದವನೊಬ್ಬನನ್ನು ಬರಿಯ ರೆಕ್ಸಿನ್ ಮೇಲೆ ಮಲಗಿಸಬೇಕಾಯಿತು.

ಆಗ ಹೆಡ್ ಸಿಸ್ಟರ್ ಕೆಳಗೆ ಬಂದರು. ಐವತ್ತು ದಾಟಿದವರು, ಮಾತು ಒರಟು, ಅವರ ಹೆಜ್ಜೆ ಕೇಳಿದರೆ ವಾರ್ಡಿನಲ್ಲಿ ರೋಗಿಗಳೂ ನೆಟ್ಟಗೆ ಮಲಗುತ್ತಿದ್ದರು. ನೆಲಮಾಳಿಗೆಗೆ ಅವರು ಇಳಿದು ಎಷ್ಟು ವರ್ಷವಾಗಿತ್ತೋ. ಲಿಫ್ಟಿನಿಂದ ಹೊರಬಂದವರೇ ಕರವಸ್ತ್ರ ಮೂಗಿಗೆ ಒತ್ತಿಕೊಂಡರು.

"ಏನ್ರೀ ಇದು ನಿಮ್ಮ ಆಟ? ನನ್ನ ರೋಗಿಗಳು ಬರೀ ಮಂಚದ ಮೇಲೆ ಮಲಗಿದಾರೆ."

ದೊಡ್ಡಕ್ಕ ನಾಲ್ಕನೇ ಮಹಡಿಯ ಚೀಲವೊಂದನ್ನು ಎಳೆದು ತಂದು, ತಳವನ್ನು ಕತ್ತರಿಯಿಂದ ಸೀಳಿ ಮೇಜಿನ ಮೇಲೆ ಸುರಿದಳು. ಮೂರು ದಿನ ಕಟ್ಟಿಟ್ಟಿದ್ದ ಬಟ್ಟೆ, ನಾತ ಮುಖಕ್ಕೆ ಹೊಡೆಯಿತು. ಉಗುರು ತಗಲದ ಹಾಗೆ ಇಕ್ಕಳದಿಂದ ಒಂದೊಂದೇ ಬಟ್ಟೆ ಎತ್ತಿ ಕೊಡವಿದಳು. ಸ್ಟೀಲಿನ ಮೇಲೆ ಟಿಣ್ ಎಂದು ಒಂದು ಸೂಜಿ ಬಿತ್ತು. ಇನ್ನೊಂದು. ಎರಡು ಒಟ್ಟಿಗೇ. ಒಂದು ಬ್ಲೇಡು. ಕೊನೆಗೆ ಐದು ಸೂಜಿ, ಒಂದು ಬ್ಲೇಡು, ರಕ್ತ ಹೆಪ್ಪುಗಟ್ಟಿದ ಒಂದು ಹತ್ತಿಯ ಉಂಡೆ ಸಾಲಾಗಿ ಬಿದ್ದಿದ್ದವು.

ಹೆಡ್ ಸಿಸ್ಟರ್ ಕರವಸ್ತ್ರ ಕೆಳಗಿಳಿಸಿದರು. ಬಹಳ ಹೊತ್ತು ನೋಡಿದರು. "ಇದು ನನ್ನ ವಾರ್ಡಿಂದಾ?"

"ಚೀಟಿ ನೋಡಿ ಸಿಸ್ಟರ್."

"ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ಹೇಳಿದ್ವಿ. ಆಮೇಲೆ ದೂರು ಹೇಳಬಾರ್ದು, ಒಳ್ಳೇದು ನೋಡಬೇಕು ಅಂದ್ರು. ಆಮೇಲೆ ನಾನೇ ಎಲ್ಲ ಚೆನ್ನಾಗಿದೆ ಅಂತ ಬರ್ದುಕೊಟ್ಟೆ." ದೊಡ್ಡಕ್ಕ ಗುಬ್ಬಿಯ ಕಡೆ ಇಕ್ಕಳ ತೋರಿಸಿದಳು. "ಅದಕ್ಕೆ ಇವಳ ಕೈಗೆ ಚುಚ್ಚಿದ್ದಕ್ಕೆ ರಜೆ ಇಲ್ಲ ಅಂದಿದಾರೆ."

ಹೆಡ್ ಸಿಸ್ಟರ್ ಗುಬ್ಬಿಯ ಕಡೆ ತಿರುಗಿದರು. ಮಣೆಯ ಮೇಲೆ ನಿಂತಿದ್ದ ಅವಳ ಕಣ್ಣು ಗುಳಿಬಿದ್ದಿತ್ತು. ಸಿಸ್ಟರ್ ಅಲ್ಲೇ ಇದ್ದ ತೆಳು ಗ್ಲೌಸನ್ನು ಎತ್ತಿ ಬೆಳಕಿಗೆ ಹಿಡಿದರು, ಎರಡು ಬೆರಳಲ್ಲಿ ಎಳೆದರು. ಅದು ಪರ್ರೆಂದು ಹರಿಯಿತು. "ಥೂ" ಅಂದರು. ಯಾರಿಗೆ ಅಂದರೋ ತಿಳಿಯಲಿಲ್ಲ. ಆಮೇಲೆ ಒಂದು ಡಬ್ಬಿ ತರಿಸಿಕೊಂಡು, ಇಕ್ಕಳ ಇಸಿದುಕೊಂಡು, ಆ ಐದು ಸೂಜಿಗಳನ್ನೂ ಬ್ಲೇಡನ್ನೂ ತಾವೇ ಎತ್ತಿ ಹಾಕಿ, ಡಬ್ಬಿ ಹಿಡಿದುಕೊಂಡು ಮೇಲೆ ಹೋದರು. ಅದನ್ನು ನೇರ ಅಧಿಕಾರಿಯ ಮೇಜಿನ ಮೇಲೆ, ಅವನ ಟೀ ಕಪ್ಪಿನ ಪಕ್ಕದಲ್ಲಿ ಇಟ್ಟರೆಂದು ಆಮೇಲೆ ಕೇಳಿಬಂತು. ಗುಬ್ಬಿಯ ಅಪಘಾತದ ಅರ್ಜಿಗೆ ಸಾಕ್ಷಿಯೆಂದು ತಮ್ಮ ರುಜು ಹಾಕಿದರು.

ನಾಲ್ಕು ದಿನದಲ್ಲಿ ಮೊಣಕೈವರೆಗೆ ಬರುವ ದಪ್ಪ ಗ್ಲೌಸ್ ಬಂದವು. ಪ್ರತಿ ಎರಡು ಹಾಸಿಗೆಗೆ ಒಂದರಂತೆ ಸೂಜಿ ಡಬ್ಬಿ ತೂಗುಹಾಕಿದರು. ಗುಬ್ಬಿಗೆ ಉಳಿದ ದಿನಗಳ ರಜೆ ಸಿಕ್ಕಿತು. ವಾರಕ್ಕೆ ಇಪ್ಪತ್ತು ಇಪ್ಪತ್ತೈದು ಬರುತ್ತಿದ್ದ ಸೂಜಿ ಒಂದಕ್ಕೋ ಎರಡಕ್ಕೋ ಇಳಿಯಿತು. ಫ್ಯಾನು ಮಾತ್ರ ತಿರುಗಲಿಲ್ಲ.

ಎರಡು ತಿಂಗಳಾದ ಮೇಲೆ ಹೊರಗಿನಿಂದ ಬಂದ ಅತಿಥಿಗಳ ಮುಂದೆ ಖುಷಿ ಸಾರ್ ಪರದೆಯ ಮೇಲೆ ಚಿತ್ರ ತೋರಿಸಿ ಮಾತಾಡಿದ. ಟೀ ಹಂಚಲೆಂದು ಕೆಳಗಿನಿಂದ ಕರೆಸಿದ್ದವರಲ್ಲಿ ದೊಡ್ಡಕ್ಕನೂ ಇದ್ದಳು. ಸಂತೋಷ ತರಬೇತಿಯಿಂದ ಕೆಲಸಗಾರರಲ್ಲಿ ಆತ್ಮವಿಶ್ವಾಸ ಬೆಳೆಯಿತು, ಅವರೇ ಮುಂದೆ ಬಂದು ಸುರಕ್ಷತೆಯ ದಾರಿ ಹುಡುಕಿದರು, ಸೂಜಿ ಅಪಘಾತ ಶೂನ್ಯಕ್ಕೆ ಇಳಿಯಿತು ಅಂದ. ಅಧಿಕಾರಿ ಚಪ್ಪಾಳೆ ತಟ್ಟಿದ, ಅತಿಥಿಗಳೂ ತಟ್ಟಿದರು. ಖುಷಿ ಸಾರ್ ಅವಳನ್ನು ಕಂಡು, ಸ್ವಲ್ಪ ಅಳುಕಿ, ಆಮೇಲೆ ನಿಜವಾಗಿಯೇ ಪ್ರೀತಿಯಿಂದ ನಕ್ಕ. ದಪ್ಪ ಗ್ಲೌಸ್ ಹಾಕಿಕೊಂಡು ಒಂದು ಫೋಟೋಗೆ ನಿಲ್ಲಬೇಕೆಂದು ಕೇಳಿದ.

"ನಿಲ್ಲಲ್ಲ ಸಾರ್."

"ಯಾಕೆ? ಇದು ನಿಮ್ಮದೇ ಸಾಧನೆ."

"ಅದಕ್ಕೇ" ಅಂದು ಅವಳು ಖಾಲಿ ಕಪ್ಪುಗಳನ್ನು ಟ್ರೇಗೆ ಜೋಡಿಸತೊಡಗಿದಳು.

ರಜೆ ಮುಗಿಸಿ ಬಂದ ಗುಬ್ಬಿಯ ಬಾಯಿ ಮೊದಲಿನಷ್ಟೇ ಜೋರಾಗಿತ್ತು. ದೊಡ್ಡಕ್ಕನ ಜೊತೆಗೂ ನಕ್ಕು ಮಾತಾಡುತ್ತಿದ್ದಳು. ಆದರೆ ಮಣೆಯನ್ನು ಮೇಜಿನ ಆ ತುದಿಯಿಂದ ಈಚೆಗೆ ತರಲಿಲ್ಲ. ಆರು ವಾರದ ಪರೀಕ್ಷೆಯಾಯಿತು, ಮೂರು ತಿಂಗಳದಾಯಿತು. ಆರು ತಿಂಗಳ ಕೊನೆಯ ವರದಿ ಬಂದ ಮಧ್ಯಾಹ್ನ, ಲಕೋಟೆ ಹಿಡಿದು ನೇರ ದೊಡ್ಡಕ್ಕನ ಹತ್ತಿರವೇ ಬಂದಳು.

"ಓದಿ ಅಕ್ಕ."

ದೊಡ್ಡಕ್ಕ ಗ್ಲೌಸ್ ಕಳಚಿ, ಕೈ ತೊಳೆದು ಒರೆಸಿಕೊಂಡು, ಕಾಗದ ಬಿಡಿಸಿದಳು. ಮೂರು ರೋಗಕ್ಕೆ ಮೂರು ಸಾಲಿದ್ದವು. ಮೂರನ್ನೂ ಎರಡೆರಡು ಸಲ ಓದಿದಳು. "ಏನೂ ಇಲ್ಲ. ಮೂರರಲ್ಲೂ ಏನೂ ಇಲ್ಲ. ನೀನು ಚೆನ್ನಾಗಿದೀಯ" ಅಂದಳು.

ಗುಬ್ಬಿ ತಲೆಯಾಡಿಸಿದಳು. ಕಾಗದ ವಾಪಸು ಇಸಿದುಕೊಂಡು ನೀಟಾಗಿ ಮಡಿಸಿದಳು. ಆಮೇಲೆ ಯಂತ್ರಗಳ ಸಾಲು ದಾಟಿ, ಮೂಲೆಯಲ್ಲಿ ಸೋಪಿನ ಪುಡಿಯ ದಾಸ್ತಾನು ಇಳಿಸುತ್ತಿದ್ದ ಗುಮಾಸ್ತನ ಹತ್ತಿರ ಹೋಗಿ, ಅದೇ ಕಾಗದವನ್ನು ಬಿಡಿಸಿ ಅವನ ಮುಂದೆ ಹಿಡಿದಳು. "ಅಣ್ಣ, ಇದ್ರಲ್ಲಿ ಏನ್ ಬರ್ದಿದೆ, ಸ್ವಲ್ಪ ಓದಿ ಹೇಳಿ" ಎಂದು ಕೇಳುವುದು ಯಂತ್ರದ ಸದ್ದಿನ ನಡುವೆಯೂ ಇಲ್ಲಿಗೆ ಕೇಳಿಸಿತು.

ದೊಡ್ಡಕ್ಕ ನಿಂತು ನೋಡಿದಳು. ಗುಮಾಸ್ತ ಕನ್ನಡಕ ಏರಿಸಿಕೊಂಡು ಓದಿ, ಕೈಯಾಡಿಸಿ ಏನೋ ಹೇಳಿದ. ಆಗ ಗುಬ್ಬಿ ಪುಡಿಯ ಮೂಟೆಯ ಮೇಲೆ ಕುಸಿದು ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ರೋಲರಿನವಳು ಓಡಿಹೋಗಿ ಅವಳನ್ನು ಅಪ್ಪಿಕೊಂಡಳು. ದೊಡ್ಡಕ್ಕ ಹೋಗಲಿಲ್ಲ. ಗ್ಲೌಸ್ ಏರಿಸಿಕೊಂಡು ಇಕ್ಕಳ ಎತ್ತಿಕೊಂಡಳು, ಲಿಫ್ಟಿನಿಂದ ಆಗಷ್ಟೇ ಇಳಿದಿದ್ದ ಚೀಲದ ಬಾಯಿ ಬಿಚ್ಚಿದಳು.